ವಿಷವಿಲ್ಲದ ಕ್ರೀಮು, ಮೇಕಪ್ಪು: ಗ್ರಂಧಿಗೆ ಅಂಗಡಿಯೋ, ಮೆಡಿಕಲ್ ಶಾಪೋ, ಆನ್‌ಲೈನೋ?

ಅಕ್ಕನ ಮಗಳ ಮದುವೆ ಗಟ್ಟಿಯಾದ ದಿನದಿಂದ ನಮ್ಮ ಮನೆಯಲ್ಲಿ ಒಂದೇ ಮಾತು. ಮುಖಕ್ಕೆ ಏನು ಹಚ್ಚಬೇಕು? ಅವಳು ಫೋನ್ ಹಿಡಿದುಕೊಂಡು ಬಂದು, "ಚಿಕ್ಕಮ್ಮ, ಇದು ನಾನ್ ಟಾಕ್ಸಿಕ್ ಅಂತೆ, ಕೆಮಿಕಲ್ಲೇ ಇಲ್ವಂತೆ, ತರಿಸ್ಲಾ?" ಅಂತಾಳೆ. ಐದು ಸಾಮಾನಿಗೆ ಮೂರು ಸಾವಿರ ಚಿಲ್ಲರೆ. ಅಡುಗೆಮನೆಯಿಂದ ನಮ್ಮಮ್ಮ, "ಕಡ್ಲೆ ಹಿಟ್ಟು ಹಚ್ಕೊಳ್ಳೋಕೆ ಏನಾಗಿದೆ ಇವ್ಳಿಗೆ" ಅಂತಾರೆ. ಅಕ್ಕನಿಗೆ ಮೆಡಿಕಲ್ ಶಾಪಿನ ಬಿಳಿ ಟ್ಯೂಬ್ ಒಂದಿದ್ದರೆ ಸಾಕು. ಮೂವರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಜೊತೆಗೆ ಕೆಲಸ ಮಾಡುವವರು, ಪಕ್ಕದ ಮನೆಯ ಹುಡುಗಿಯರು ಕೂಡ ಇದೇ ಗೊಂದಲ ಹೊತ್ತು ಬರುತ್ತಾರೆ. ಅದಕ್ಕೇ ನಾನು ಹಚ್ಚಿ ನೋಡಿದ್ದು, ಓದಿ ತಿಳಿದದ್ದು ಎಲ್ಲಾ ಸೇರಿಸಿ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. "ನಾನ್ ಟಾಕ್ಸಿಕ್", "ಕ್ಲೀನ್", "ಕೆಮಿಕಲ್ ಫ್ರೀ" ಅನ್ನೋ ಪದಗಳಿಗೆ ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮದಲ್ಲಿ ಇಂಥದ್ದೇ ಅರ್ಥ ಅಂತ ಬರೆದಿಲ್ಲ. ಒಂದೊಂದು ಕಂಪನಿ ತನಗೆ ತೋಚಿದ ಅರ್ಥದಲ್ಲಿ ಪೆಟ್ಟಿಗೆಯ ಮುಂದೆ ಹಾಕಿಕೊಳ್ಳುತ್ತದೆ. ನೀರೂ ಕೆಮಿಕಲ್ಲೇ, ಅರಿಶಿನದ ಹಳದಿಯೂ ಕೆಮಿಕಲ್ಲೇ. ಹಾಗಾಗಿ ಪೆಟ್ಟಿಗೆಯ ಮುಂಭಾಗ ಬಿಟ್ಟು ಹಿಂಭಾಗ ತಿರುಗಿಸಿ.

ಯಾವುದನ್ನು ನೋಡಿ ಅಳೆಯಬೇಕು?

ನಾನು ನೋಡುವ ಮೊದಲನೇ ವಿಷಯ ಲೇಬಲ್. ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್ (ಸಾಮಾನ್ಯವಾಗಿ ಎಂ.ಎಲ್. ನಂಬರ್ ಅಂತ ಇರುತ್ತದೆ), ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು, ಏನೇನು ಹಾಕಿದ್ದಾರೆ ಅನ್ನೋ ಪಟ್ಟಿ. ಇಷ್ಟೂ ಇರಬೇಕು. ಪಟ್ಟಿಯಲ್ಲಿ ಜಾಸ್ತಿ ಹಾಕಿದ್ದು ಮೊದಲು, ಕಡಿಮೆ ಹಾಕಿದ್ದು ಕೊನೆಗೆ ಬರುತ್ತದೆ. "ಕೇಸರಿ ಕ್ರೀಮು" ಅಂತ ದೊಡ್ಡದಾಗಿ ಬರೆದು ಪಟ್ಟಿಯ ಕಟ್ಟಕಡೆಗೆ ಕೇಸರಿ ಇದ್ದರೆ, ನೀವು ಕೇಸರಿಗೆ ದುಡ್ಡು ಕೊಡುತ್ತಿಲ್ಲ ಅಂತ ಅರ್ಥ.

ಎರಡನೆಯದು, ಅದು ಮೈಯಲ್ಲಿ ಎಲ್ಲಿಗೆ ಹೋಗುತ್ತದೆ ಅನ್ನೋದು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ, ಇದನ್ನೇ ಯಾರೂ ಯೋಚಿಸುವುದಿಲ್ಲ. ಫೇಸ್‌ವಾಶ್ ಒಂದು ನಿಮಿಷ ಮುಖದ ಮೇಲಿದ್ದು ಮೋರಿಗೆ ಹೋಗುತ್ತದೆ. ಕ್ರೀಮು ಇಡೀ ದಿನ ಚರ್ಮದ ಮೇಲೆ ಕೂರುತ್ತದೆ. ಕಾಡಿಗೆ ಕಣ್ಣೊಳಗೆ ಇಳಿಯುತ್ತದೆ. ಲಿಪ್‌ಸ್ಟಿಕ್ ಊಟದ ಜೊತೆ, ಕಾಫಿ ಜೊತೆ ಹೊಟ್ಟೆಗೇ ಹೋಗುತ್ತದೆ. ಹಾಗಿದ್ದ ಮೇಲೆ ಸಾವಿರ ರೂಪಾಯಿಯ ಸಾವಯವ ಫೇಸ್‌ವಾಶ್ ತಗೊಂಡು, ಲಿಪ್‌ಸ್ಟಿಕ್ ಮಾತ್ರ ಜಾತ್ರೆಯಲ್ಲಿ ಮೂವತ್ತು ರೂಪಾಯಿಗೆ ತಗೊಳ್ಳೋದು ಪೂರ್ತಿ ಉಲ್ಟಾ ಲೆಕ್ಕ ಅಲ್ವಾ?

ಮೂರನೆಯದು ನಿಮ್ಮ ಚರ್ಮದ ಹಳೇ ಚರಿತ್ರೆ: ಮೊಡವೆ, ಬಂಗು, ತುರಿಕೆ, ಅಲರ್ಜಿ. ನಾಲ್ಕನೆಯದು ತಿಂಗಳಿಗೆ ಬೀಳುವ ಖರ್ಚು, ಡಬ್ಬಿಯ ಬೆಲೆ ಅಲ್ಲ. ಕೊನೆಯದು ನಮ್ಮ ಊರು. ದಾವಣಗೆರೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಅಂತ ಯಾರಿಗೂ ಹೇಳಬೇಕಾಗಿಲ್ಲ, ಬೋರ್ ನೀರು ಬರುವ ಬಡಾವಣೆಗಳಲ್ಲಿ ಸೋಪು ನೊರೆಯೇ ಬರಲ್ಲ. ತಂಪು ಊರಿನವರು ಹೊಗಳಿದ ಜಿಡ್ಡು ಕ್ರೀಮು ಇಲ್ಲಿ ಮಧ್ಯಾಹ್ನದ ಹೊತ್ತಿಗೆ ಕರಗಿ ಕುತ್ತಿಗೆಗೆ ಇಳಿಯುತ್ತದೆ.

ಮೊದಲು ಪಟ್ಟಿಯಿಂದ ತೆಗೆದು ಹಾಕಬೇಕಾದದ್ದು

ಹೋಲಿಕೆ ಶುರು ಮಾಡುವ ಮೊದಲೇ ಒಂದನ್ನು ಆಚೆ ಇಡುತ್ತೇನೆ. ಬೆಳ್ಳಗಾಗುವ ಕ್ರೀಮು. ಅದರಲ್ಲೂ ಲೇಬಲ್ ಇಲ್ಲದ, ಇಲ್ಲವೇ ಓದಲಾಗದ ಯಾವುದೋ ಭಾಷೆಯ ಲೇಬಲ್ ಇರುವ ಪುಟ್ಟ ಗುಂಡು ಡಬ್ಬಿ.

ನನ್ನ ಮದುವೆಗೆ ಮುಂಚೆ ನಾನೇ ಅದನ್ನು ಹಚ್ಚಿದ್ದೆ. ಒಂದು ಫ್ಯಾನ್ಸಿ ಸ್ಟೋರಿನಲ್ಲಿ ಕೊಟ್ಟಿದ್ದರು. ಒಂದೇ ವಾರಕ್ಕೆ ಮುಖ ಎಷ್ಟು ತಿಳಿಯಾಯಿತು ಅಂದರೆ ಎಲ್ಲರೂ ಏನು ಹಚ್ತೀಯ ಅಂತ ಕೇಳೋರು. ನಾಲ್ಕು ತಿಂಗಳಾದ ಮೇಲೆ ಡಬ್ಬಿ ಮುಗಿದು ಮೂರು ದಿನ ಬಿಟ್ಟೆ ನೋಡಿ, ಕೆನ್ನೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯಿತು. ಕೆಂಪಗೆ, ಸಣ್ಣ ಸಣ್ಣ ಗುಳ್ಳೆ, ಕೆನ್ನೆ ಮೇಲೆ ಹೊಸದಾಗಿ ಕೂದಲು. ಚರ್ಮದ ಡಾಕ್ಟರ್ ಮುಖ ನೋಡಿದ ತಕ್ಷಣ ಕೇಳಿದ್ದು, "ಯಾವ ಕ್ರೀಮು ಹಚ್ತಿದ್ರಮ್ಮ?" ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿದ ಮುಖ ಅವರಿಗೆ ದಿನಾ ಕಾಣುವಂಥದ್ದಂತೆ. ಸರಿಯಾಗೋಕೆ ಎಂಟು ತಿಂಗಳು ಬೇಕಾಯಿತು. ಮದುವೆ ಫೋಟೋಗಳಲ್ಲಿ ನನ್ನ ಕೆನ್ನೆ ಈಗಲೂ ಕೆಂಪಾಗಿಯೇ ಇದೆ.

ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಇವು ಸ್ಟೀರಾಯ್ಡ್ ಹೆಸರುಗಳು. ಇವು ಔಷಧಿ, ಕೆಟ್ಟವಲ್ಲ, ಆದರೆ ಡಾಕ್ಟರ್ ಹೇಳಿದಷ್ಟು ದಿನಕ್ಕೆ ಮಾತ್ರ. 2018ರಲ್ಲಿ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಟ್ಯೂಬಿನ ಮೇಲೆ ಆರ್‌ಎಕ್ಸ್ (Rx, ಅಂದರೆ ಡಾಕ್ಟರ್ ಚೀಟಿ ಬೇಕಾದ ಔಷಧಿ) ಗುರುತಿದ್ದರೆ ಅದನ್ನು ಬ್ಯೂಟಿ ಕ್ರೀಮು ಅಂತ ಹಚ್ಚಬೇಡಿ, ಯಾರು ಕೊಟ್ಟರೂ.

ಇನ್ನೊಂದು ಪಾದರಸ. ಅದು ಚರ್ಮದಲ್ಲಿ ಬಣ್ಣ ಹುಟ್ಟುವುದನ್ನೇ ತಡೆಯುತ್ತದೆ, ಅದಕ್ಕೇ ಬೇಗ ಬೆಳ್ಳಗೆ ಕಾಣುತ್ತೀರಿ. ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಗೆ ಪೆಟ್ಟು ಕೊಡುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆ ಅಂತ ಬಂದ ಹಲವರು ಇಂಥ ಬೆಳ್ಳಗಾಗುವ ಕ್ರೀಮು ಹಚ್ಚಿದವರೇ ಆಗಿದ್ದರು. ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮದ ಪ್ರಕಾರ ಮುಖದ ಕ್ರೀಮಿನಲ್ಲಿ ಬೇಕಂತ ಪಾದರಸ ಹಾಕುವ ಹಾಗೇ ಇಲ್ಲ, ಹೇಗೋ ಸೇರಿಕೊಂಡರೂ ಹತ್ತು ಲಕ್ಷದಲ್ಲಿ ಒಂದು ಭಾಗ ದಾಟಬಾರದು. ಲೇಬಲ್ ಇಲ್ಲದ ಡಬ್ಬಿಗೆ ಈ ಲೆಕ್ಕ ಯಾರು ಕೇಳುತ್ತಾರೆ? ಕ್ರೀಮು ಕೆಡದಂತೆ ಹಾಕುವ ಪ್ಯಾರಾಬೆನ್ ಬಗ್ಗೆ ಭಯ ಪಡುವವರು ಮೊದಲು ಇದರ ಬಗ್ಗೆ ಭಯ ಪಡಬೇಕು ಅಂತ ನನಗೆ ನಿಜವಾಗಿ ಅನಿಸುತ್ತದೆ. ಮನೆಯಲ್ಲಿ ಮಗು ಇದ್ದರೆ ಇನ್ನೂ ಜಾಸ್ತಿ, ನಿಮ್ಮ ಕೆನ್ನೆ, ಟವೆಲ್, ದಿಂಬು ಎಲ್ಲದರಿಂದ ಅದಕ್ಕೂ ತಾಗುತ್ತದೆ.

ಗ್ರಂಧಿಗೆ ಅಂಗಡಿ ಮತ್ತು ಅಡುಗೆಮನೆ

ನಮ್ಮಮ್ಮನ ಪಕ್ಷ. ಕಡ್ಲೆ ಹಿಟ್ಟು, ಕಸ್ತೂರಿ ಅರಿಶಿನ, ಮುಲ್ತಾನಿ ಮಿಟ್ಟಿ, ಲೋಳೆಸರ, ಕೊಬ್ಬರಿ ಎಣ್ಣೆ. ಮಂಡಿಪೇಟೆ ಕಡೆ ಹೋದರೆ ಎಲ್ಲಾ ಸಿಗುತ್ತದೆ. ವಾರಕ್ಕೆ ಎರಡು ಸಲ ಎರಡೆರಡು ಚಮಚ ಕಡ್ಲೆ ಹಿಟ್ಟು ಅಂದರೆ ತಿಂಗಳಿಗೆ ಇಪ್ಪತ್ತು ರೂಪಾಯಿ ಕೂಡ ದಾಟಲ್ಲ. ಇದರಷ್ಟು ಅಗ್ಗದ್ದು ಇನ್ನೊಂದಿಲ್ಲ, ಏನಿದೆ ಅಂತ ನಿಮಗೇ ಗೊತ್ತು.

ಆದರೆ ಮನೆಯದ್ದು ಅಂದ ಮಾತ್ರಕ್ಕೆ ಕೆಡುಕಿಲ್ಲ ಅಂತ ಅಲ್ಲ. ನಿಂಬೆ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳುತ್ತದೆ. ನಿಂಬೆಯಲ್ಲೇ ಇರುವ ಪದಾರ್ಥ ಬಿಸಿಲು ತಾಗಿದಾಗ ಮಾಡುವ ಕೆಲಸ ಅದು. ಅಡುಗೆ ಸೋಡಾ ಮುಖಕ್ಕೆ ಬೇಡವೇ ಬೇಡ: ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು, ಸೋಡಾ ಅದಕ್ಕೆ ಪೂರ್ತಿ ವಿರುದ್ಧ. ಕೊಬ್ಬರಿ ಎಣ್ಣೆ ಒಣ ಕೈಕಾಲಿಗೆ ಬಹಳ ಒಳ್ಳೆಯದು, ಆದರೆ ಮೊಡವೆ ಇರುವ ಮುಖಕ್ಕೆ ಹಚ್ಚಿದರೆ ರಂಧ್ರ ಕಟ್ಟಿ ಮೊಡವೆ ಜಾಸ್ತಿ ಆಗುತ್ತದೆ. ಲೋಳೆಸರ ಕೊಯ್ದ ತಕ್ಷಣ ಹಚ್ಚಬೇಡಿ. ಸಿಪ್ಪೆಯ ಕೆಳಗಿಂದ ಒಂದು ಹಳದಿ ಹಾಲು ಒಸರುತ್ತದಲ್ಲ, ತುರಿಕೆ ಬರಿಸುವುದು ಅದೇ. ನಾನು ಎಲೆಯನ್ನು ಲೋಟದಲ್ಲಿ ಬುಡ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸುತ್ತೇನೆ, ಹಳದಿಯೆಲ್ಲಾ ಲೋಟದ ತಳಕ್ಕೆ ಇಳಿಯುತ್ತದೆ, ಆಮೇಲೆ ತೊಳೆದು ಒಳಗಿನ ತಿರುಳು ಮಾತ್ರ ತೆಗೆಯುತ್ತೇನೆ. ಮತ್ತೆ, ನೀರು ಬೆರೆಸಿ ಕಲಸಿದ್ದು ಯಾವುದೇ ಆಗಲಿ ಅವತ್ತೇ ಮುಗಿಸಿ, ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನ ಹಚ್ಚಬೇಡಿ.

ಇನ್ನು ಇದರಿಂದ ಆಗದ ಕೆಲಸವೂ ಇದೆ. ಬಿಸಿಲಿನಿಂದ ಕಾಪಾಡೋದು ಇದರ ಕೈಲಿ ಆಗಲ್ಲ, ಬಂಗು ತೆಗೆಯೋದೂ ಆಗಲ್ಲ. ಮುಖ ಶುಭ್ರ ಮಾಡೋಕೆ, ಮದುವೆ ಮನೆಯ ಅರಿಶಿನದ ಖುಷಿಗೆ ಇದು ಸಾಕು.

ಮೆಡಿಕಲ್ ಶಾಪಿನ ಬಿಳಿ ಟ್ಯೂಬ್

ನೋಡೋಕೆ ಚಂದ ಇಲ್ಲ, ಪರಿಮಳ ಇಲ್ಲ, ಜಾಹೀರಾತಿಲ್ಲ. ಆದರೆ ತುರಿಕೆ, ಅಲರ್ಜಿ ಇರುವವರಿಗೆ ನಾನು ಕಣ್ಣುಮುಚ್ಚಿ ಹೇಳೋದು ಇದನ್ನೇ. ಕ್ರೀಮುಗಳಿಂದ ಬರುವ ಅಲರ್ಜಿಗೆ ದೊಡ್ಡ ಕಾರಣಗಳಲ್ಲಿ ಒಂದು ಪರಿಮಳ, ಅದು ಕಾರ್ಖಾನೆಯ ಸೆಂಟಾದರೂ ಸರಿ, ಗುಲಾಬಿ ಲ್ಯಾವೆಂಡರ್ ಎಣ್ಣೆಯಾದರೂ ಸರಿ. ಪಟ್ಟಿಯಲ್ಲಿ "ಫ್ರೇಗ್ರೆನ್ಸ್" ಅಥವಾ "ಪರ್ಫ್ಯೂಮ್" ಅಂತ ಒಂದೇ ಪದ ಇರುತ್ತದೆ, ಒಳಗೆ ಹತ್ತಾರು ಪದಾರ್ಥ ಇರಬಹುದು. ಅದಿಲ್ಲದ ಮಾಯಿಶ್ಚರೈಸರ್ ಕೇಳಿ ತಗೊಳ್ಳಿ. ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಜಿಡ್ಡು), ಬಿಳಿ ವ್ಯಾಸಲೀನು, ಇಷ್ಟೇ ಸಾಕು. ದೊಡ್ಡ ಬಾಟಲಿ ತಗೊಂಡರೆ ತಿಂಗಳಿಗೆ ನೂರು, ನೂರೈವತ್ತು ಬೀಳಬಹುದು.

ಸನ್‌ಸ್ಕ್ರೀನ್ ಕೂಡ ಇಲ್ಲೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30 ಇರುವುದನ್ನು ಸರಿಯಾಗಿ ಹಚ್ಚಿದರೆ ಚರ್ಮ ಸುಡುವ ಕಿರಣದಲ್ಲಿ ನೂರಕ್ಕೆ ಸುಮಾರು 97 ಭಾಗ ತಡೆಯುತ್ತದೆ. ಸರಿಯಾಗಿ ಅಂದರೆ ಎರಡು ಬೆರಳಿನ ಉದ್ದಕ್ಕೂ ಹಿಂಡಿದಷ್ಟು, ಮುಖಕ್ಕೂ ಕುತ್ತಿಗೆಗೂ ಸೇರಿ. ನಾವು ಹಚ್ಚೋದು ಬಟಾಣಿ ಕಾಳಿನಷ್ಟು! ಸರಿಯಾದ ಅಳತೆಯಲ್ಲಿ ದಿನಕ್ಕೊಮ್ಮೆ ಹಚ್ಚಿದರೆ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳು ಬರುತ್ತದೆ, ಹೊರಗೇ ಕೆಲಸ ಇರುವವರು ಎರಡು ಗಂಟೆಗೊಮ್ಮೆ ಹಚ್ಚಬೇಕಾದ್ದರಿಂದ ಇನ್ನೂ ಬೇಗ ಮುಗಿಯುತ್ತದೆ. ಅದಕ್ಕೇ ಸಾವಿರದ ಸನ್‌ಸ್ಕ್ರೀನ್ ತಗೊಂಡು ಉಳಿಸಿ ಉಳಿಸಿ ಹಚ್ಚೋದಕ್ಕಿಂತ ನಾನೂರರದ್ದು ಧಾರಾಳವಾಗಿ ಹಚ್ಚೋದು ಮೇಲು. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವುದು ಚುರುಗುಟ್ಟುವ ಚರ್ಮಕ್ಕೆ ಹೆಚ್ಚು ಒಗ್ಗುತ್ತದೆ, ಆದರೆ ನಮ್ಮ ಬಣ್ಣದ ಮೇಲೆ ಬೂದಿ ಬಳಿದ ಹಾಗೆ ಕಾಣುತ್ತದೆ. ಬಂಗು ಇದ್ದವರು ಐರನ್ ಆಕ್ಸೈಡ್ ಬೆರೆತ, ಕಂದು ಬಣ್ಣದ್ದು ನೋಡಿ. ಬೂದಿ ಬಣ್ಣವೂ ಇರಲ್ಲ, ಬಂಗು ಹೆಚ್ಚಿಸುವ ಬೆಳಕನ್ನೂ ಅದು ತಡೆಯುತ್ತದೆ.

ಆನ್‌ಲೈನಿನ "ನಾನ್ ಟಾಕ್ಸಿಕ್" ಬ್ರ್ಯಾಂಡು

ಎಲ್ಲವನ್ನೂ ದೂರಲ್ಲ ನಾನು. ಕೆಲವರು ಪೂರ್ತಿ ಪಟ್ಟಿ ಕೊಡುತ್ತಾರೆ, ಪರಿಮಳ ಹಾಕಲ್ಲ, ನಮ್ಮ ಮೈಬಣ್ಣಕ್ಕೆ ಹೊಂದುವ ಶೇಡು ಮಾಡುತ್ತಾರೆ. "ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿಲ್ಲ" ಅಂತ ಜಾಸ್ತಿ ದುಡ್ಡು ಕೇಳಿದರೆ ಮಾತ್ರ ನೆನಪಿರಲಿ, ಭಾರತದಲ್ಲಿ 2014ರಿಂದಲೇ ಸೌಂದರ್ಯ ಸಾಮಗ್ರಿಯನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವ ಹಾಗಿಲ್ಲ.

ಇಲ್ಲಿ ನೋಡಬೇಕಾದ್ದು ಕೆಡದಂತೆ ಕಾಪಾಡಲು ಏನು ಹಾಕಿದ್ದಾರೆ ಅನ್ನೋದು. ಪ್ಯಾರಾಬೆನ್ ಅಂದರೆ ಎಲ್ಲರಿಗೂ ಹೆದರಿಕೆ. ಯುರೋಪಿನಲ್ಲಿ ಕೆಲವು ಜಾತಿಯ ಪ್ಯಾರಾಬೆನ್ ನಿಷೇಧ ಆಗಿದೆ, ಮೀಥೈಲ್ ಪ್ಯಾರಾಬೆನ್ ಅನ್ನು ಶೇ. 0.4ರ ತನಕ ಹಾಕಬಹುದು ಅಂತ ಅವರೇ ಬಿಟ್ಟಿದ್ದಾರೆ. ಪ್ಯಾರಾಬೆನ್ ತೆಗೆದು ಅದರ ಜಾಗಕ್ಕೆ ಕೆಲವರು ಹಾಕಿದ ಮೀಥೈಲ್‌ಐಸೋಥಯಾಜೋಲಿನೋನ್ ಎಷ್ಟು ಜನಕ್ಕೆ ಅಲರ್ಜಿ ತಂದಿತೆಂದರೆ, 2017ರಿಂದ ಯುರೋಪಿನಲ್ಲಿ ತೊಳೆಯದೆ ಬಿಡುವ ಕ್ರೀಮಿಗೆ ಅದನ್ನು ಹಾಕುವಂತೆಯೇ ಇಲ್ಲ. ಆ ಹೆಸರು ಕ್ರೀಮಿನ ಪಟ್ಟಿಯಲ್ಲಿ ಕಂಡರೆ ನಾನು ವಾಪಸ್ ಇಡುತ್ತೇನೆ. ಏನೂ ಹಾಕಿಲ್ಲ ಅಂದರೆ ಅದು ಇನ್ನೊಂದು ಕಷ್ಟ. ಹೋದ ಬೇಸಿಗೆ ಒಬ್ಬರ ಹತ್ತಿರ ಕೈಯಲ್ಲಿ ಮಾಡಿದ, "ಪ್ರಿಸರ್ವೇಟಿವ್ ಇಲ್ಲದ" ಗುಲಾಬಿ ಕ್ರೀಮು ತರಿಸಿದ್ದೆ. ಗಾಜಿನ ಡಬ್ಬಿ, ಮುಚ್ಚಳಕ್ಕೆ ಗೋಣಿದಾರ ಕಟ್ಟಿದ್ದರು, ನೋಡೋಕೆ ಬಹಳ ಚಂದ. ಮೂರನೇ ವಾರ ಮುಚ್ಚಳ ತೆಗೆದರೆ ಅಂಚಿನಲ್ಲಿ ಎಳ್ಳಿನ ಕಾಳಿನಂಥ ಕಪ್ಪು ಚುಕ್ಕೆ, ಮುಟ್ಟಿದರೆ ನೂಲು ನೂಲು. ಬೂಸು! ಆರುನೂರು ರೂಪಾಯಿ ಕಸದ ಬುಟ್ಟಿಗೆ ಹೋಯಿತು. ನೀರು ಸೇರಿದ ಕ್ರೀಮಿಗೆ ಪ್ರಿಸರ್ವೇಟಿವ್ ಬೇಕೇ ಬೇಕು. ಬರೀ ಎಣ್ಣೆ, ಮೇಣದ ಬಾಮ್ ಆದರೆ ಮಾತ್ರ ಇಲ್ಲದೆ ನಡೆಯುತ್ತದೆ.

ತುಟಿ, ಕಣ್ಣು, ಹಣೆ

ದುಡ್ಡು ಖರ್ಚು ಮಾಡೋದಿದ್ದರೆ ಇಲ್ಲಿ ಮಾಡಿ. ಲಿಪ್‌ಸ್ಟಿಕ್ಕಿಗೆ ಹಾಕುವ ಬಣ್ಣದಲ್ಲಿ ಸೀಸ 20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ಮೀರಬಾರದು ಅಂತ ನಮ್ಮ ನಿಯಮ ಇದೆ, ಅದನ್ನು ಪಾಲಿಸುವ ಸಾಧ್ಯತೆ ಇರೋದು ಲೈಸೆನ್ಸ್ ನಂಬರ್ ಇರುವವರ ಹತ್ತಿರ. ಹೆಸರಾಂತ ಕಂಪನಿಯ ಇನ್ನೂರೈವತ್ತರ ಲಿಪ್‌ಸ್ಟಿಕ್ ಸಾಕು, ಎಂಟುನೂರರ "ಕ್ಲೀನ್" ಲಿಪ್‌ಸ್ಟಿಕ್ಕೇ ಆಗಬೇಕು ಅಂತೇನಿಲ್ಲ. ಸಸ್ಯಾಹಾರಿಗಳು ಒಂದು ನೋಡಿಕೊಳ್ಳಿ: ಪಟ್ಟಿಯಲ್ಲಿ ಕಾರ್ಮೈನ್ ಅಥವಾ ಸಿಐ 75470 ಅಂತಿದ್ದರೆ ಆ ಕೆಂಪು ಬಣ್ಣ ಒಂದು ಜಾತಿಯ ಹುಳದಿಂದ ತೆಗೆದದ್ದು. ಅದು "ನ್ಯಾಚುರಲ್" ಹೌದು, ಸಸ್ಯಾಹಾರ ಅಲ್ಲ. ನಮ್ಮ ಅಕ್ಕನಿಗೆ ಇದು ಗೊತ್ತಾದ ದಿನ ಅವಳ ಎರಡು ಲಿಪ್‌ಸ್ಟಿಕ್ ಮನೆಯಿಂದ ಆಚೆ ಹೋದವು. ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ ಅಂತ ಅರ್ಥ, ಸುರಕ್ಷಿತ ಅಂತ ಅಲ್ಲ.

ಕಣ್ಣಿಗೆ ಬಿಡಿಯಾಗಿ ಮಾರುವ ಸುರ್ಮಾ ಬೇಡ, ಎಷ್ಟೋ ಕಡೆ ಅದು ಸೀಸದ ಅದಿರಿನ ಪುಡಿಯೇ. ನಮ್ಮಜ್ಜಿ ಮಾಡುತ್ತಿದ್ದ ಕಾಡಿಗೆ ಬೇರೆ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಬೆಳಗ್ಗೆ ಕಪ್ಪನ್ನು ಮೆತ್ತಗೆ ಕೆರೆದು, ಹಸುವಿನ ಬೆಣ್ಣೆಯಲ್ಲಿ ತೇಯ್ದು ಪುಟ್ಟ ಡಬ್ಬಿಗೆ ತುಂಬೋರು. ಅದಕ್ಕೆ ಸೀಸದ ಅದಿರು ಹಾಕುತ್ತಿರಲಿಲ್ಲ. ಆದರೆ ಬೆಣ್ಣೆ ಹಳಸುತ್ತದೆ, ಒಂದೇ ಡಬ್ಬಿಗೆ ಮನೆಯವರೆಲ್ಲಾ ಬೆರಳು ಅದ್ದುತ್ತಾರೆ, ಕಣ್ಣಿಗೆ ಸೋಂಕು ಹೋಗೋಕೆ ಅಷ್ಟು ಸಾಕು. ಕೂಸಿನ ಕಣ್ಣಿಗಂತೂ ಯಾವ ಕಾಡಿಗೆಯೂ ಬೇಡ, ದೃಷ್ಟಿ ಬೊಟ್ಟು ಇಡಬೇಕಿದ್ದರೆ ಪಾದಕ್ಕೆ ಇಡಿ. ನನ್ನ ಆಯ್ಕೆ ಲೇಬಲ್ ಇರುವ ಕಾಜಲ್ ಕಡ್ಡಿ, ಒಬ್ಬರಿಗೆ ಒಂದು, ತೆರೆದ ಮೇಲೆ ಆರು ತಿಂಗಳಿಗೆ ಎಸೆಯಿರಿ.

ಸ್ಟಿಕ್ಕರ್ ಬೊಟ್ಟಿನ ಅಂಟು ಕೆಲವರಿಗೆ ಹಣೆ ಮೇಲೆ ಬಿಳಿ ಕಲೆ ಬರಿಸುತ್ತದೆ. ತುರಿಕೆ ಶುರುವಾದ ದಿನವೇ ಬಿಡಿ, ಕಲೆ ಬಂದ ಮೇಲೆ ಹೋಗೋದು ಕಷ್ಟ. ಕುಂಕುಮಕ್ಕೆ ಬಂದರೆ, ಅರಿಶಿನದಿಂದ ಮಾಡಿದ್ದು ಸ್ವಲ್ಪ ಮಂಕು ಕೆಂಪು, ಕಣ್ಣು ಕುಕ್ಕುವ ಹಾಗೆ ಇರಲ್ಲ. ಗ್ರಂಧಿಗೆ ಅಂಗಡಿಯಲ್ಲಿ "ಅರಿಶಿನದ ಕುಂಕುಮ" ಅಂತಲೇ ಕೇಳಿ, ದೇವರಿಗೆ ಬೇರೆ, ಹಣೆಗೆ ಬೇರೆ ಇಡಿ. ಮೆಹಂದಿಯಲ್ಲಿ ಒಂದೇ ಎಚ್ಚರ: ನಿಜವಾದ ಸೊಪ್ಪು ಮೊದಲು ಕಿತ್ತಳೆ ಬಣ್ಣ ಕೊಟ್ಟು, ಒಂದೆರಡು ದಿನದಲ್ಲಿ ಕೆಂಪಾಗುತ್ತದೆ. ಅರ್ಧ ಗಂಟೆಯಲ್ಲಿ ಕಪ್ಪಾಗುವ ಕೋನಿನಲ್ಲಿ ಕೂದಲ ಡೈಗೆ ಹಾಕುವ ಪಿಪಿಡಿ ಇರಬಹುದು, ಕೈತುಂಬ ಬೊಬ್ಬೆ ಬರುವುದು ಅದರಿಂದಲೇ.

ಯಾರಿಗೆ ಯಾವುದು?

ಹಾಸ್ಟೆಲ್ಲಿನಲ್ಲಿದ್ದು ಕೈಯಲ್ಲಿ ಸ್ವಲ್ಪವೇ ದುಡ್ಡಿದೆ ಅಂದರೆ ಮೆಡಿಕಲ್ ಶಾಪಿನ ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್, ಮುಗಿಯಿತು. ಮೊಡವೆ ಜಾಸ್ತಿ ಇದ್ದರೆ ಐದು ಕ್ರೀಮಿನ ದುಡ್ಡಿನಲ್ಲಿ ಒಂದು ಸಲ ಚರ್ಮದ ಡಾಕ್ಟರಿಗೆ ತೋರಿಸಿ. ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ, ದೊಡ್ಡ ಖರ್ಚಾಗಲ್ಲ. ಹೊಲದಲ್ಲಿ, ಸ್ಕೂಟರಿನಲ್ಲಿ ದಿನವಿಡೀ ಬಿಸಿಲಲ್ಲಿರುವವರು ಬೇರೆ ಎಲ್ಲಾ ಬಿಟ್ಟರೂ ಸನ್‌ಸ್ಕ್ರೀನ್ ಬಿಡಬೇಡಿ, ಮೇಲೆ ಹತ್ತಿ ಬಟ್ಟೆ ಸುತ್ತಿಕೊಳ್ಳಿ. ಬಸುರಿಯರು ರೆಟಿನಾಲ್ (ಸುಕ್ಕು, ಮೊಡವೆಗೆ ಹಾಕುವುದು), ಹೈಡ್ರೋಕ್ವಿನೋನ್ (ಕಪ್ಪು ಕಲೆ ತಿಳಿಯಾಗಿಸಲು ಹಾಕುವುದು) ಅಂತ ಬರೆದದ್ದನ್ನು ಮುಟ್ಟಬೇಡಿ. ಚರ್ಮಕ್ಕೆ ಏನೂ ತೊಂದರೆ ಇಲ್ಲ, ಕೈಯಲ್ಲಿ ದುಡ್ಡೂ ಇದೆ, ಚಂದದ ಡಬ್ಬಿ ನೋಡಿದರೆ ಖುಷಿ ಆಗುತ್ತದೆ ಅನ್ನುವವರು ಆನ್‌ಲೈನ್ ಬ್ರ್ಯಾಂಡು ತಗೊಳ್ಳಿ, ಚಿಕ್ಕ ಸೈಜಿನಿಂದ ಶುರು ಮಾಡಿ.

ಮದುಮಗಳ ವಿಷಯ ಕೊನೆಗೆ ಹೀಗೆ ಇತ್ಯರ್ಥವಾಯಿತು. ಮೂರು ಸಾವಿರದ ಪೆಟ್ಟಿಗೆಯಲ್ಲಿ ಎರಡನ್ನು ಉಳಿಸಿಕೊಂಡೆವು, ಲಿಪ್‌ಸ್ಟಿಕ್ಕು ಮತ್ತು ಫೌಂಡೇಶನ್ನು. ಶೇಡು ಅವಳಿಗೆ ಸರಿಯಾಗಿ ಹೊಂದಿತ್ತು. ಉಳಿದದ್ದಕ್ಕೆ ಅಕ್ಕನ ಬಿಳಿ ಟ್ಯೂಬು, ಅರಿಶಿನ ಶಾಸ್ತ್ರಕ್ಕೆ ಅಮ್ಮನ ಕಡ್ಲೆ ಹಿಟ್ಟು. ಪಾರ್ಲರಿನವರಿಗೆ ನಮ್ಮದೇ ಸಾಮಾನು ಹಾಕಬೇಕು ಅಂತ ಮೊದಲೇ ಹೇಳಿದ್ದೇವೆ. ಮದುವೆಗೆ ಇನ್ನೂ ಏಳು ವಾರ ಇದೆ. ಈಗ ದಿನಾ ಎರಡು ಹೊತ್ತು ಮೊಣಕೈಯ ಒಳಮಡಿಕೆಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಫೌಂಡೇಶನ್ ಹಚ್ಚಿ ಬಿಡುತ್ತಿದ್ದಾಳೆ, ಹತ್ತು ದಿನ ಹೀಗೇ ನೋಡಬೇಕು. ಇವತ್ತಿಗೆ ಆರನೇ ದಿನ, ಇನ್ನೂ ಏನೂ ಆಗಿಲ್ಲ.